ಹೊಟ್ಟೆಹುಣ್ಣಿನ ದ್ರವೌಷಧ: ಅಳತೆ ಮತ್ತು ವೇಳೆ

ಹುಣಸೂರು ತಾಲ್ಲೂಕಿನ ಗುರುಪುರದ ಆಸುಪಾಸಿನಲ್ಲಿ ಕನ್ನಡ ರೈತರ ಹಳ್ಳಿಗಳೂ ೧೯೭೨ರಲ್ಲಿ ನೆಲೆಗೊಂಡ ಟಿಬೆಟನ್ನರ ವಸಾಹತೂ ಒಂದನ್ನೊಂದು ಒತ್ತಿಕೊಂಡಿವೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳೂ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆಯೆಂದು ಹೆಸರಾದುವು. ಮಳೆಗಾಲದಲ್ಲಿ ಎಲೆಯನ್ನು ಬಿಡಿಸಿ ಬ್ಯಾರನ್ನಿನಲ್ಲಿ ತುಂಬಿದ ಮೇಲೆ ಹಗಲಿರುಳೂ ಬೆಂಕಿಯನ್ನು ಕಾಯಬೇಕು. ಆ ದಿನಗಳಲ್ಲಿ ಊಟಕ್ಕೆ ಹೊತ್ತಿಲ್ಲ, ಕಣ್ಣಿಗೆ ನಿದ್ರೆಯಿಲ್ಲ. ಮೈಕೈ ನೋವಿಗೆ ಅಂಗಡಿಯ ಗುಳಿಗೆ; ಎಚ್ಚರವಾಗಿರುವುದಕ್ಕೆ ಬೀಡಿ. ಹೀಗಿರುವಾಗ ಎದೆಗುಂಡಿಗೆಯ ಕೆಳಗೆ ಉರಿ ಕಾಣಿಸಿಕೊಂಡರೆ, ಮನೆಯಲ್ಲಿ ಯಾರಿಗೋ ಎಂದೋ ಬರೆದುಕೊಟ್ಟಿದ್ದ ಸೀಸೆಯನ್ನು ಹುಡುಕಿ ಎರಡು ಗುಟುಕು ಕುಡಿಯುವುದು ವಾಡಿಕೆ. ಉರಿ ತಗ್ಗುವುದೂ ಉಂಟು. ಅಪಾಯವಿರುವುದು ಅಲ್ಲಿಯೇ. ಉರಿ ತಗ್ಗುವುದು ಬೇರೆ, ಹುಣ್ಣು ಮಾಯುವುದು ಬೇರೆ.

ಹುಣ್ಣು ಏಕೆ ಆಗುತ್ತದೆಂಬುದನ್ನು ಮೊದಲು ನೋಡೋಣ. ನಮ್ಮ ಜಠರವು ಹೈಡ್ರೋಕ್ಲೋರಿಕ್ ಆಮ್ಲವನ್ನೂ ಮಾಂಸವನ್ನು ಕರಗಿಸಬಲ್ಲ ಪೆಪ್ಸಿನ್ ಎಂಬ ರಸವನ್ನೂ ಸ್ರವಿಸುತ್ತದೆ. ಜಠರದ ಗೋಡೆಯೂ ಮಾಂಸವೇ ಅಲ್ಲವೆ? ಅದು ತನ್ನನ್ನು ತಾನೇ ಅರಗಿಸಿಕೊಳ್ಳದಂತೆ ಲೋಳೆಯ ಪದರವೊಂದು ಕಾಪಾಡುತ್ತದೆ. ಈ ಕಾವಲು ಮುರಿದ ಕಡೆಯಲ್ಲಿ ಗುಳಿ ಬೀಳುತ್ತದೆ, ಅದೇ ಹುಣ್ಣು. ಖಾರದ ಸಾರು, ಚಿಂತೆ, ಕೋಪ ಇವೇ ಇದಕ್ಕೆ ಮೂಲವೆಂದು ಲೋಕವು ಬಹುಕಾಲ ನಂಬಿತ್ತು. ೧೯೮೨ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಜಠರದಿಂದ ತೆಗೆದ ಚೂರುಗಳಲ್ಲಿದ್ದ ಸುರುಳಿ ಆಕಾರದ ಒಂದು ಬ್ಯಾಕ್ಟೀರಿಯವನ್ನು ಬೆಳೆಸಿದರು. ಈಸ್ಟರ್ ರಜೆಯ ನಿಮಿತ್ತ ತಟ್ಟೆಗಳು ಹೆಚ್ಚು ದಿನ ಉಳಿದದ್ದರಿಂದಲೇ ಅದು ಬೆಳೆದು ಕಾಣಿಸಿತೆಂಬುದು ವಿಜ್ಞಾನದ ಸೊಗಸಾದ ಆಕಸ್ಮಿಕಗಳಲ್ಲೊಂದು. ನಂಬದವರನ್ನು ನಂಬಿಸಲು ಮಾರ್ಷಲ್ ೧೯೮೪ರಲ್ಲಿ ಆ ಬ್ಯಾಕ್ಟೀರಿಯವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಒಳಗಾದರು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಈ ಜೀವಿಯೂ, ಡೈಕ್ಲೋಫಿನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮೊದಲಾದ ನೋವಿನ ಗುಳಿಗೆಗಳೂ ಸೇರಿ ಬಹುತೇಕ ಹುಣ್ಣುಗಳಿಗೆ ಕಾರಣ. ಧೂಮಪಾನವು ಹುಣ್ಣು ಮಾಯುವುದನ್ನು ತಡೆಯುತ್ತದೆ, ಮಾಯ್ದುದನ್ನು ಮರುಕಳಿಸುತ್ತದೆ.

ಇನ್ನು ಔಷಧದ ವಿಚಾರ. ಹುಣ್ಣಿಗೆ ವೈದ್ಯರು ಬರೆದುಕೊಡುವ ದ್ರವಗಳಲ್ಲಿ ಸುಕ್ರಾಲ್ಫೇಟ್ ಮುಖ್ಯವಾದದ್ದು. ಇದರ ಹುಟ್ಟು ಕುತೂಹಲಕರ. ಕೃಷ್ಣರಾಜನಗರದ ಕಾವೇರಿ ಬಯಲಿನ ಕಬ್ಬಿನಿಂದ ದೊರೆಯುವ ಸಕ್ಕರೆ ಇದೆಯಷ್ಟೆ, ಆ ಸುಕ್ರೋಸಿನ ಅಣುವಿಗೆ ಎಂಟು ಕಡೆಗಳಲ್ಲಿ ಗಂಧಕದ ಸಲ್ಫೇಟ್ ಗುಂಪುಗಳನ್ನೂ ಜೊತೆಗೆ ಅಲ್ಯೂಮಿನಿಯಂ ಅನ್ನೂ ಕೂಡಿಸಿ ಇದನ್ನು ರಚಿಸಿದ್ದಾರೆ. ಇದು ಜಠರದ ಆಮ್ಲವನ್ನು ಹೇಳಿಕೊಳ್ಳುವಷ್ಟು ಕುಗ್ಗಿಸುವುದಿಲ್ಲ. ಆಮ್ಲದ ಸಂಪರ್ಕದಿಂದ ಅಂಟಿನಂತಾಗಿ, ಹುಣ್ಣಿನ ಗುಳಿಯಲ್ಲಿ ಒಸರುವ ಪ್ರೋಟೀನುಗಳಿಗೆ ಕಚ್ಚಿಕೊಂಡು, ಕೆಲವು ಗಂಟೆಗಳ ಕಾಲ ಮುಚ್ಚಳದಂತೆ ನಿಲ್ಲುತ್ತದೆ. ಮಳೆಯಲ್ಲಿ ಒಡೆದ ಹಂಚಿನ ಮೇಲೆ ತಗಡು ಹೊದಿಸಿದಂತೆ. ಮಳೆ ನಿಲ್ಲುವುದಿಲ್ಲ, ಕೆಳಗೆ ದುರಸ್ತಿಗೆ ಬಿಡುವು ಸಿಕ್ಕುತ್ತದೆ. ರಕ್ತಕ್ಕೆ ಸೇರುವ ಭಾಗ ಅತ್ಯಲ್ಪ.

ಈ ಕ್ರಮವನ್ನು ಬಲ್ಲವರಿಗೆ ವೇಳೆಯ ನಿಯಮವನ್ನು ಬಾಯಿಪಾಠ ಮಾಡಬೇಕಾದ ಅಗತ್ಯವಿಲ್ಲ. ಊಟದ ತರುವಾಯ ಕುಡಿದರೆ ಔಷಧವು ಅನ್ನದೊಳಗಿನ ಪ್ರೋಟೀನಿಗೇ ಅಂಟಿಕೊಂಡು ವ್ಯರ್ಥವಾಗುತ್ತದೆ. ಆದ್ದರಿಂದಲೇ ಬರಿಯ ಹೊಟ್ಟೆಯಲ್ಲಿ, ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಮಲಗುವಾಗ ಕುಡಿಯಬೇಕೆಂದು ಹೇಳುತ್ತಾರೆ. ವಯಸ್ಕರಿಗೆ ರೂಢಿಯ ಪ್ರಮಾಣ ಒಂದು ಸಲಕ್ಕೆ ೧ ಗ್ರಾಂ, ದಿನಕ್ಕೆ ನಾಲ್ಕು ಸಲ, ನಾಲ್ಕರಿಂದ ಎಂಟು ವಾರ. ಆದರೆ ರೋಗಿಯ ಸ್ಥಿತಿಯನ್ನು ನೋಡಿ ಪ್ರಮಾಣವನ್ನು ನಿರ್ಣಯಿಸತಕ್ಕವರು ವೈದ್ಯರೇ. ಬ್ಯಾರನ್ನು ಕಾಯುವವರು ತಮ್ಮ ಊಟದ ನಿಜವಾದ ಹೊತ್ತನ್ನು ಅವರಿಗೆ ತಿಳಿಸಿ ವೇಳೆಯನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಒಂದು ಸಲ ಮರೆತರೆ ನೆನಪಾದಾಗ ಕುಡಿಯಬಹುದು. ಮುಂದಿನ ವೇಳೆ ಸಮೀಪಿಸಿದ್ದರೆ ಬಿಟ್ಟುಬಿಡಬೇಕು, ಎರಡನ್ನು ಕೂಡಿಸಿ ಕುಡಿಯಲಾಗದು.

ಅಳತೆಯ ಮಾತು ಇದಕ್ಕಿಂತ ಸೂಕ್ಷ್ಮವಾದದ್ದು. ನಮ್ಮ ಅಂಗಡಿಗಳಲ್ಲಿ ದೊರೆಯುವ ಕೆಲವು ಸೀಸೆಗಳಲ್ಲಿ ೫ ಮಿಲಿಲೀಟರಿಗೆ ೧ ಗ್ರಾಂ ಔಷಧವಿರುತ್ತದೆ, ಮತ್ತೆ ಕೆಲವುಗಳಲ್ಲಿ ೧೦ ಮಿಲಿಲೀಟರಿಗೆ ೧ ಗ್ರಾಂ. ಹೋದ ಸಲ ಎರಡು ಚಮಚ ಕುಡಿದಿದ್ದೆವೆಂದು ಹೊಸ ಸೀಸೆಯಿಂದಲೂ ಎರಡು ಚಮಚ ಕುಡಿದರೆ ಪ್ರಮಾಣವು ಇಮ್ಮಡಿಯಾಗಬಹುದು, ಅರ್ಧವೂ ಆಗಬಹುದು. ಅಡಿಗೆಮನೆಯ ಚಮಚಗಳಂತೂ ಒಂದರಂತೆ ಒಂದಿಲ್ಲ. ಬ್ಯಾರನ್ನಿನ ಉಷ್ಣವನ್ನು ಥರ್ಮಾಮೀಟರ್ ನೋಡಿ ಕಾಯುವ ರೈತನಿಗೆ ಅಳತೆಯ ಬೆಲೆಯನ್ನು ನಾವು ಕಲಿಸಬೇಕಾಗಿಲ್ಲ. ಸೀಸೆಯ ಜೊತೆಗೆ ಬರುವ ಗೆರೆಯುಳ್ಳ ಮುಚ್ಚಳವನ್ನು ಎಸೆಯದಿದ್ದರೆ ಸಾಕು. ಔಷಧದ ಪುಡಿಯು ತಳಕ್ಕೆ ಇಳಿಯುವುದರಿಂದ ಪ್ರತಿ ಸಲವೂ ಸೀಸೆಯನ್ನು ಚೆನ್ನಾಗಿ ಕುಲುಕಬೇಕು. ಕುಲುಕದೆ ಕುಡಿದರೆ ಮೊದಲ ವಾರ ನೀರು, ಕೊನೆಯ ವಾರ ಗಷ್ಟು.

ಕೆಲವು ಸೀಸೆಗಳಲ್ಲಿ ಆಕ್ಸಿಟಕೇನ್ ಎಂಬ ಮರಗಟ್ಟಿಸುವ ದ್ರವ್ಯವನ್ನೂ ಬೆರೆಸಿರುತ್ತಾರೆ. ನೋವು ಬೇಗ ಅಡಗುವುದಕ್ಕೆ ಅದೇ ಕಾರಣ. ನೋವು ಹೋಯಿತೆಂದು ಮೂರನೆಯ ದಿನವೇ ಔಷಧವನ್ನು ನಿಲ್ಲಿಸುವವರು ಹುಣ್ಣನ್ನು ಮರೆಮಾಡಿದರೇ ಹೊರತು ಮಾಯಿಸಲಿಲ್ಲ. ಬ್ಯಾಕ್ಟೀರಿಯವಿದ್ದರೆ ಈ ದ್ರವವೊಂದರಿಂದಲೇ ಅದು ನಾಶವಾಗುವುದೂ ಇಲ್ಲ. ಅದಕ್ಕೆ ಆಮ್ಲವನ್ನು ತಗ್ಗಿಸುವ ಗುಳಿಗೆಯೊಡನೆ ಪ್ರತಿಜೈವಿಕಗಳನ್ನು ಹತ್ತು, ಹದಿನಾಲ್ಕು ದಿನ ತಪ್ಪದೆ ಸೇವಿಸಬೇಕು. ಉಸಿರಿನ, ಮಲದ ಅಥವಾ ಅಂತರ್ದರ್ಶಕದ ಪರೀಕ್ಷೆಯಿಂದ ಅದರ ಇರವನ್ನು ತಿಳಿಯಬಹುದು.

ಬೇರೆ ಔಷಧಗಳೊಡನೆ ಈ ದ್ರವದ ನಡೆ ಹೇಗೆಂಬುದನ್ನು ಅನೇಕರು ಕೇಳುವುದೇ ಇಲ್ಲ. ಹುಣ್ಣಿಗೆ ಅಂಟುವ ಗುಣವೇ ಇತರ ಔಷಧಗಳನ್ನು ಕರುಳಿನಲ್ಲಿ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಥೈರಾಯ್ಡಿನ ಥೈರಾಕ್ಸಿನ್ ಗುಳಿಗೆಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಬೇಕು. ಮೂರ್ಛೆರೋಗದ ಫೆನಿಟಾಯಿನ್, ಹೃದಯದ ಡಿಜಾಕ್ಸಿನ್ ಮುಂತಾದುವನ್ನು ಇದಕ್ಕೆ ಎರಡು ಗಂಟೆ ಮುಂಚಿತವಾಗಿ ಸೇವಿಸಬೇಕು. ಟಿಬೆಟನ್ ವಸಾಹತುಗಳನ್ನು ಬಹುಕಾಲದಿಂದ ಬಾಧಿಸಿರುವ ಕ್ಷಯರೋಗದ ಸಂಬಂಧದಲ್ಲಿ ಇನ್ನೂ ಒಂದು ಮಾತು. ಸಾಮಾನ್ಯ ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲೀವೋಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್‌ಗಳನ್ನು ಸುಕ್ರಾಲ್ಫೇಟ್ ಬಹಳವಾಗಿ ತಡೆಹಿಡಿಯುತ್ತದೆ. ಹೊಟ್ಟೆಯ ಉರಿಗೆಂದು ಕುಡಿದ ಎರಡು ಗುಟುಕು ಎದೆಯ ರೋಗದ ಚಿಕಿತ್ಸೆಯನ್ನೇ ಕೆಡಿಸಬಹುದಾದ್ದರಿಂದ, ಇಂಥ ರೋಗಿಗಳು ಕ್ಷಯದ ವೈದ್ಯರನ್ನು ಕೇಳದೆ ಈ ಸೀಸೆಯನ್ನು ಮುಟ್ಟಬಾರದು. ನಾಟಿ ಮದ್ದನ್ನೋ ಟಿಬೆಟನ್ ಪದ್ಧತಿಯ ಗುಳಿಗೆಯನ್ನೋ ಸೇವಿಸುತ್ತಿರುವವರೂ ವೈದ್ಯರಿಂದ ಅದನ್ನು ಮುಚ್ಚಿಡಬಾರದು.

ಮಲಬದ್ಧತೆ ಇದರ ಸಾಮಾನ್ಯ ಉಪದ್ರವ. ಮೂತ್ರಪಿಂಡಗಳು ಕೆಟ್ಟವರಲ್ಲಿ ಅಲ್ಯೂಮಿನಿಯಂ ಹೊರಹೋಗದೆ ದೇಹದಲ್ಲಿ ಸಂಗ್ರಹವಾಗಬಹುದು. ಅಲ್ಯೂಮಿನಿಯಂ ಉಳ್ಳ ಬೇರೆ ಆಮ್ಲಹಾರಿಯನ್ನೂ ಕುಡಿಯುತ್ತಿದ್ದರೆ ಅಪಾಯ ಹೆಚ್ಚು. ದ್ರವವನ್ನು ಸೇವಿಸಿದ ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಏರಿದ್ದುಂಟು. ನುಂಗುವುದಕ್ಕೆ ಕಷ್ಟಪಡುವವರೂ ಗರ್ಭಿಣಿಯರೂ ಮೊದಲೇ ತಿಳಿಸತಕ್ಕದ್ದು.

ಮಲವು ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ವಾಂತಿಯಲ್ಲಿ ರಕ್ತವೋ ಕಾಫಿಯ ಚರಟದಂಥ ಪದಾರ್ಥವೋ ಕಂಡರೆ, ಹೊಟ್ಟೆಯಲ್ಲಿ ಹಠಾತ್ತಾಗಿ ಚೂರಿ ಇರಿದಂಥ ನೋವು ಬಂದು ಅದು ಹಲಗೆಯಂತೆ ಬಿಗಿದರೆ ಹುಣ್ಣು ರಕ್ತ ಸುರಿಸುತ್ತಿದೆ ಅಥವಾ ತೂತಾಗಿದೆಯೆಂದು ಶಂಕಿಸಬೇಕು. ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುವುದು ನಿಜ. ಆ ನೆಪದಿಂದ ಮನೆಯಲ್ಲಿ ಕಾದು ಕೂರುವುದು ಮಾತ್ರ ತರವಲ್ಲ. ಆಗ ಯಾವ ದ್ರವವನ್ನೂ ಕುಡಿಸದೆ ಹುಣಸೂರಿನ ಆಸ್ಪತ್ರೆಗೋ, ಅಲ್ಲಿಂದ ಸುಮಾರು ೪೫ ಕಿಲೋಮೀಟರ್ ದೂರದ ಮೈಸೂರಿಗೋ ಕೂಡಲೆ ಸಾಗಿಸಬೇಕು. ಹೊರಡುವಾಗ ಹಿಂದಿನ ತಿಂಗಳು ನುಂಗಿದ ನೋವಿನ ಗುಳಿಗೆಗಳ ಹಾಳೆಯನ್ನೂ ಕುಡಿಯುತ್ತಿದ್ದ ಸೀಸೆಯನ್ನೂ ಕೈಯಲ್ಲಿ ಹಿಡಿದೇ ಹೋಗುವುದು; ವೈದ್ಯರು ಮೊದಲು ಕೇಳುವುದು ಅವನ್ನೇ.