ಮಣ್ಣಿನ ಕಪ್‌ಗೆ ಬಣ್ಣ, ಬಣ್ಣಕ್ಕೆ ಗಾಜಿನ ಹೊದಿಕೆ

ಹೋದ ವರ್ಷ ಈದ್ ರಜೆ ಮುಗಿದು ಕಾಲೇಜು ತೆರೆದಾಗ ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಒಂದು ಮಣ್ಣಿನ ಕಪ್ ತಂದಳು. ಸಂತೆಯಲ್ಲಿ ಕೊಂಡ ಆ ಕಪ್‌ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ನೀಲಿ ಬಳ್ಳಿ, ಬಿಳಿ ಹೂ ಬಿಡಿಸಿ, ಒಳಗೂ ಹೊರಗೂ ವಾರ್ನಿಷ್ ಹಚ್ಚಿ ಅಮ್ಮನಿಗೆ ಈದ್ ಉಡುಗೊರೆ ಕೊಟ್ಟಿದ್ದಳು. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಆದರೆ ಎರಡು ದಿನ ಬಿಸಿ ಚಹಾ ಸುರಿದ ಮೇಲೆ ವಾರ್ನಿಷ್ ಮಬ್ಬಾಗಿ, ಅಂಚಿನಲ್ಲಿ ಸಿಪ್ಪೆ ಏಳತೊಡಗಿತ್ತು. "ಸರ್, ಬಣ್ಣ ಕಳಪೆಯೇ?" ಎಂದು ಕೇಳಿದಳು. ಬಣ್ಣ ಕಳಪೆಯಲ್ಲ. ಚಹಾ ಕುಡಿಯುವ ಕಪ್‌ಗೆ ಅದು ತಕ್ಕ ಬಣ್ಣವಲ್ಲ, ಅಷ್ಟೆ. ಮಣ್ಣಿನ ಪಾತ್ರೆಗೆ ಚಿತ್ರ ಬರೆಯುವ ಹವ್ಯಾಸ ಈಗ ನಿಮ್ಮಲ್ಲಿ ಹಲವರಿಗೆ ಹಿಡಿದಿರುವುದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಅಕ್ರಿಲಿಕ್ ಎಂದರೆ ಒಣಗಿದಾಗ ತೆಳು ಪ್ಲಾಸ್ಟಿಕ್ ಪೊರೆ. ಸಂತೆಯ ಮಣ್ಣಿನ ಕಪ್ ತುಂಬ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ನಮ್ಮ ಮಣ್ಣಿನ ಮಡಕೆ ನೀರನ್ನು ತಣ್ಣಗಿಡುವುದು ಈ ರಂಧ್ರಗಳಿಂದಲೇ. ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಚಹಾ ಮಣ್ಣಿನೊಳಗೆ ಇಳಿದು ಪೊರೆಯನ್ನು ಹಿಂದಿನಿಂದ ಎತ್ತಿಬಿಡುತ್ತದೆ.

ಗ್ಲೇಜ್, ಅಂದರೆ ಮೆರುಗು, ಇದಕ್ಕಿಂತ ತೀರ ಬೇರೆ. ಅದು ಬಳಿದು ಒಣಗಿಸುವ ವಸ್ತುವಲ್ಲ, ಪಾತ್ರೆಯ ಮೇಲೆಯೇ ಕರಗಿಸಿ ಮಾಡುವ ಗಾಜು. ಗಾಜಿಗೆ ಮೂಲ ಸಿಲಿಕಾ. ಶುದ್ಧ ಸಿಲಿಕಾ ಕರಗಲು 1700 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಬೇಕು, ಅಷ್ಟರಲ್ಲಿ ಪಾತ್ರೆಯ ಮಣ್ಣೇ ಕುಸಿದುಹೋಗುತ್ತದೆ. ಆದ್ದರಿಂದ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಬೋರಾನ್‌ಗಳ ಸಂಯುಕ್ತಗಳನ್ನು ಬೆರೆಸಿ ಕರಗುವ ಬಿಂದುವನ್ನು ಇಳಿಸುತ್ತಾರೆ. ಕರಗಿದ್ದು ಗೋಡೆಯಿಂದ ಜಾರಿ ಬುಡಕ್ಕೆ ಇಳಿಯದಂತೆ ಹಿಡಿದಿಡಲು ಅಲ್ಯೂಮಿನಾ ಬೇಕು. ಹವ್ಯಾಸಿಗಳು ಬಳಸುವ ಮೆರುಗುಗಳು ಸಾಮಾನ್ಯವಾಗಿ 1000ದಿಂದ 1250 ಡಿಗ್ರಿಯ ನಡುವೆ ಕರಗುತ್ತವೆ.

ಹಾಗಾಗಿ ಪಾತ್ರೆಯನ್ನು ಎರಡು ಸಲ ಸುಡಬೇಕು. ಮೊದಲ ಸುಡುವಿಕೆ ಸುಮಾರು 1000 ಡಿಗ್ರಿಗೆ. 600 ಡಿಗ್ರಿ ದಾಟುವ ಹೊತ್ತಿಗೆ ಜೇಡಿಮಣ್ಣಿನ ಹರಳಿನಲ್ಲಿ ರಾಸಾಯನಿಕವಾಗಿ ಸೇರಿದ್ದ ನೀರು ಹೊರಟುಹೋಗಿರುತ್ತದೆ. ಇನ್ನು ಎಷ್ಟು ನೆನೆಸಿದರೂ ಅದು ಮತ್ತೆ ಕೆಸರಾಗದು. ಆದರೆ ರಂಧ್ರಗಳು ಉಳಿದಿರುತ್ತವೆ. ಈ ಹಂತದಲ್ಲಿಯೇ ಕುಂಚ ಹಿಡಿಯುವುದು.

ಇಲ್ಲಿ ಬಳಸುವ ಬಣ್ಣಗಳು ಲೋಹದ ಆಕ್ಸೈಡ್‌ಗಳು, ಅಥವಾ ಅವುಗಳಿಂದ ಮಾಡಿದ ಪುಡಿಗಳು. ಕಾಗದದ ಮೇಲೆ ಬರೆದು ರೂಢಿಯಾದವರಿಗೆ ಮೊದಲ ದಿನ ಗಾಬರಿಯಾಗುತ್ತದೆ. ಸುಟ್ಟ ಮಣ್ಣು ಕುಂಚದ ನೀರನ್ನು ಮುಟ್ಟಿದ ಕೂಡಲೇ ಹೀರುತ್ತದೆ, ಎಳೆದ ಗೆರೆ ಎಳೆದ ಹಾಗೇ ನಿಲ್ಲುತ್ತದೆ, ಒರೆಸಲು ಹೋದರೆ ಕಲೆ. ಒದ್ದೆ ಸ್ಪಂಜಿನಿಂದ ಪಾತ್ರೆಯನ್ನು ಒಮ್ಮೆ ಒರೆಸಿಕೊಂಡರೆ ಕುಂಚ ಸರಾಗವಾಗಿ ಓಡುತ್ತದೆ, ಧೂಳೂ ಹೋಗುತ್ತದೆ. ಪೆನ್ಸಿಲಿನಲ್ಲಿ ಮೊದಲೇ ಗೆರೆ ಹಾಕಿಕೊಳ್ಳಬಹುದು. ಅದು ಬೆಂಕಿಯಲ್ಲಿ ಉರಿದುಹೋಗುತ್ತದೆ. ಸಮೋಸ ತಿಂದ ಕೈಯಲ್ಲಿ ಮಾತ್ರ ಮುಟ್ಟಬೇಡಿ. ಎಣ್ಣೆ ತಾಗಿದ ಕಡೆ ಮೆರುಗು ಅಂಟುವುದಿಲ್ಲ.

ಇನ್ನೊಂದು ಕಷ್ಟ: ಕಣ್ಣಿಗೆ ಕಾಣುವ ಬಣ್ಣ ನಿಜವಾದ ಬಣ್ಣವಲ್ಲ. ಕೋಬಾಲ್ಟ್ ಆಕ್ಸೈಡ್ ಕಪ್ಪು ಪುಡಿ, ಸುಟ್ಟ ಮೇಲೆ ಗಾಢ ನೀಲಿ. ತಾಮ್ರ ಸಾಮಾನ್ಯ ಮೆರುಗಿನಲ್ಲಿ ಹಸಿರು, ಕ್ಷಾರ ಹೆಚ್ಚಿರುವ ಮೆರುಗಿನಲ್ಲಿ ವೈಡೂರ್ಯದ ನೀಲಿ, ಕುಲುಮೆಯಲ್ಲಿ ಆಮ್ಲಜನಕ ಕಡಿಮೆ ಮಾಡಿದರೆ ಕೆಂಪು! ಸಂಕ್ರಮಣ ಧಾತುಗಳ ಪಾಠ ಬಾಯಿಪಾಠ ಮಾಡಿ ಸುಸ್ತಾದವರು ಇದನ್ನೊಮ್ಮೆ ಕಣ್ಣಾರೆ ನೋಡಬೇಕು.

ಚಿತ್ರ ಒಣಗಿದ ಮೇಲೆ ಪಾತ್ರೆಯನ್ನು ಕೆನೆಹಾಲಿನಷ್ಟು ಮಂದವಾದ ಮೆರುಗಿನ ದ್ರವದಲ್ಲಿ ಎರಡು ಮೂರು ಸೆಕೆಂಡು ಅದ್ದಿ ತೆಗೆಯುತ್ತಾರೆ. ಮೇಲೆ ಸುಣ್ಣ ಬಳಿದಂತೆ ಪದರ ಕೂತು ಗಂಟೆಗಟ್ಟಲೆ ಬರೆದ ಹೂವೆಲ್ಲ ಮುಚ್ಚಿಹೋಗುತ್ತದೆ. ಹೆದರಬೇಡಿ, ಕುಲುಮೆಯಲ್ಲಿ ಆ ಪುಡಿ ಕರಗಿ ತಿಳಿಗಾಜಾದಾಗ ಚಿತ್ರ ಕೆಳಗಿನಿಂದ ಮತ್ತೆ ತೋರುತ್ತದೆ. ಬುಡಕ್ಕೆ ಅಂಟಿದ ಮೆರುಗನ್ನು ಮಾತ್ರ ಪೂರ್ತಿ ಒರೆಸಬೇಕು. ಇಲ್ಲದಿದ್ದರೆ ಕಪ್ ಕುಲುಮೆಯ ಹಲಗೆಗೆ ಬೆಸೆದುಕೊಂಡು, ಬಿಡಿಸುವಾಗ ಎರಡೂ ಹಾಳು.

ಈ ವಿದ್ಯೆಯ ಹಳೆಯ ಗುರುತು ನಮ್ಮ ರಾಜ್ಯದಲ್ಲಿಯೇ ಇದೆ. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂಭಾಗದಲ್ಲೂ ಮಿನಾರಿನಲ್ಲೂ ನೀಲಿ, ಹಳದಿ, ಬಿಳಿ ಮೆರುಗಿನ ಟೈಲ್ಸ್ ಇಂದಿಗೂ ಅಲ್ಲಲ್ಲಿ ಉಳಿದಿವೆ. ಗವಾನ್ ಇರಾನಿನ ಗಿಲಾನ್‌ನವರು. ಆ ಕಲೆಯ ಬೇರು ಅತ್ತ ಕಡೆಯದು. ಕಾಶಾನ್ ಪಟ್ಟಣದ ಕುಂಬಾರ ಮನೆತನದ ಅಬುಲ್ ಕಾಸಿಂ 1301ರಲ್ಲಿ ಪಾಕವಿಧಾನವನ್ನೇ ಬರೆದಿಟ್ಟರು: ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿ ಜೇಡಿ. ಅದಕ್ಕೂ ಮುಂಚೆ, 9ನೆಯ ಶತಮಾನದಲ್ಲಿ, ಬಸ್ರಾದ ಕುಂಬಾರರು ಚೀನಾದ ಬಿಳಿ ಪಿಂಗಾಣಿಯನ್ನು ಕಂಡು, ಅದರ ಮಣ್ಣು ತಮ್ಮಲ್ಲಿ ಸಿಗದೆ, ಮೆರುಗಿಗೆ ತವರದ ಆಕ್ಸೈಡ್ ಬೆರೆಸಿ ಬಿಳುಪು ತಂದರು, ಅದರ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಬರೆದರು. ಬೀದರಿನ ನೀಲಿ ಐದೂವರೆ ಶತಮಾನದ ಬಿಸಿಲು ಮಳೆಗೆ ಮಾಸಿಲ್ಲ. ಬಣ್ಣ ಗಾಜಿನ ಭಾಗವೇ ಆಗಿಬಿಟ್ಟಿದೆ, ತೊಳೆದುಹೋಗಲು ಅದು ಮೇಲೆ ಕೂತಿಲ್ಲ.

ಆದರೆ ಗಾಜಾದದ್ದೆಲ್ಲ ಊಟಕ್ಕೆ ಯೋಗ್ಯವಲ್ಲ. ಮೆರುಗನ್ನು ಕಡಿಮೆ ಶಾಖದಲ್ಲಿ ಕರಗಿಸಲು ಹಿಂದಿನವರು ಸೀಸದ ಆಕ್ಸೈಡ್ ಹಾಕುತ್ತಿದ್ದರು; ಹೊಳಪು ಬಹಳ ಚೆನ್ನಾಗಿ ಬರುತ್ತದೆ. ಗೋಡೆಯ ಟೈಲ್ಸ್‌ಗೆ ಅದರಿಂದ ತೊಂದರೆಯಿಲ್ಲ. ತಟ್ಟೆ, ಲೋಟಕ್ಕೆ ಹಾಕಿದರೆ ಹುಣಸೆ ಸಾರು, ಮೊಸರು, ನಿಂಬೆ ಶರಬತ್ತಿನ ಆಮ್ಲ ಸೀಸವನ್ನು ಕರಗಿಸಿ ಹೊಟ್ಟೆಗೆ ಇಳಿಸುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಸುಳಿವು ಕೊಡುವುದಿಲ್ಲ. ಮಕ್ಕಳ ಮೆದುಳಿಗೆ ಇದು ಶಾಶ್ವತ ಹಾನಿ. ಪ್ರಯೋಗಾಲಯಗಳಲ್ಲಿ ಪಾತ್ರೆಗೆ ಶೇಕಡಾ 4ರ ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಇಟ್ಟು, ಆ ದ್ರವದಲ್ಲಿ ಸೀಸ, ಕ್ಯಾಡ್ಮಿಯಂ ಎಷ್ಟಿದೆಯೆಂದು ಅಳೆಯುತ್ತಾರೆ. ಮನೆಯಲ್ಲಿ ನಿಂಬೆ ಹೋಳು ರಾತ್ರಿಯಿಡೀ ಇಟ್ಟು ನೋಡಬಹುದು: ಮೆರುಗು ಬಣ್ಣಗೆಟ್ಟರೆ ಆ ಪಾತ್ರೆ ಊಟಕ್ಕೆ ಬೇಡ. ಬಣ್ಣಗೆಡಲಿಲ್ಲವೆಂದು ಸೀಸವಿಲ್ಲ ಎನ್ನುವಂತಿಲ್ಲ. ಆದ್ದರಿಂದ ಡಬ್ಬಿಯ ಮೇಲೆ ಸೀಸರಹಿತ, ಆಹಾರಕ್ಕೆ ಸುರಕ್ಷಿತ ಎಂದು ಬರೆದ ಮೆರುಗನ್ನೇ ಕೊಳ್ಳಿ, ಅದರ ಮೇಲೆ ಹೇಳಿದ ಉಷ್ಣತೆಗೇ ಸುಡಿಸಿ. ಅರೆಬೆಂದ ಮೆರುಗು ಒಳ್ಳೆಯದಾಗಿದ್ದರೂ ಸೋರುತ್ತದೆ. ಒಣ ಪುಡಿ ಕಲಸುವಾಗ ಮಾಸ್ಕ್ ಹಾಕಿ, ಮೇಜನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಮರಳಿ ಬರದು.

ಊರಿನ ಕುಂಬಾರರ ಆವಿಗೆಯ ಶಾಖ ಈ ಮೆರುಗುಗಳಿಗೆ ಸಾಮಾನ್ಯವಾಗಿ ಸಾಲದು, ವಿದ್ಯುತ್ ಕುಲುಮೆ ಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಕುಂಬಾರಿಕೆ ಕಲಿಸುವ ಕೇಂದ್ರ ಗ್ರಾಮೀಣ ಸಂಸ್ಥೆಯಿದೆ; ಬೆಂಗಳೂರಿನ ಕೆಲವು ಸ್ಟುಡಿಯೊಗಳು ಹಣ ಪಡೆದು ಸುಟ್ಟುಕೊಡುತ್ತವೆ. ಮೊದಲೇ ಕಪ್‌ಗೆ ಕೈಹಾಕದೆ ಬೆರಳುದ್ದದ ಹತ್ತು ಮಣ್ಣಿನ ಬಿಲ್ಲೆ ಮಾಡಿ, ಹಿಂದೆ ಸಂಖ್ಯೆ ಕೊರೆದು, ಯಾವುದಕ್ಕೆ ಯಾವ ಬಣ್ಣ ಎಷ್ಟು ಪದರ ಎಂದು ಪುಸ್ತಕದಲ್ಲಿ ಬರೆದಿಟ್ಟು ಸುಡಿಸಿ. ಆ ವಿದ್ಯಾರ್ಥಿನಿ ಹಾಗೆಯೇ ಶುರುಮಾಡಿದ್ದಾಳೆ; ಹತ್ತರಲ್ಲಿ ನಾಲ್ಕು ಚೆನ್ನಾಗಿ ಬಂದಿವೆ. ಅವಳ ಹಳೆಯ ಕಪ್ ಪ್ರಯೋಗಾಲಯದ ನನ್ನ ಮೇಜಿನ ಮೇಲೆ ಪೆನ್ನುಗಳನ್ನು ಹಿಡಿದುಕೊಂಡಿದೆ.