ಹಗ್ಗ ಕಟ್ಟುವುದು ತಗಡಿಗಲ್ಲ, ಕೆಳಗಿನ ಕಬ್ಬಿಣಕ್ಕೆ

ಮಹಾರಾಷ್ಟ್ರದ ಸಾಸ್ತೂರ, ಹೋಳಿ, ಕಿಲ್ಲಾರಿ ಸುತ್ತಲಿನ ಹಿರಿಯರಿಗೆ ಸೂರು ಎಂದರೆ ಇಂದಿಗೂ ಮೈಮೇಲೆ ಬೀಳುವ ಭಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಮಲಗಿದ್ದವರ ಮೇಲೆ ಭೂಕಂಪಕ್ಕೆ ಕಲ್ಲುಮಣ್ಣಿನ ಗೋಡೆಗಳು, ಮಣ್ಣಿನ ಮಾಳಿಗೆಗಳು ಕುಸಿದವು. ಸುಮಾರು ಹತ್ತು ಸಾವಿರ ಜನ ಹೋದರು. ಸೋರಬಾರದೆಂದು ವರ್ಷ ವರ್ಷ ಏರಿಸಿದ ಮಣ್ಣಿನ ಭಾರವೇ ಮುಳುವಾಯಿತು. ಆಮೇಲೆ ಜನ ತಗಡಿನ ಶೆಡ್ಡುಗಳಲ್ಲಿ ದಿನ ತಳ್ಳಿದರು, 52 ಊರುಗಳು ಹೊಸ ಜಾಗಕ್ಕೆ ಹೋದವು. ಹಗುರ ಸೂರಿನ ಮೇಲೆ ನಮ್ಮವರಿಗೆ ನಂಬಿಕೆ ಹುಟ್ಟಿದ್ದು ಹಾಗೆ. ಆ ನಂಬಿಕೆ ತಪ್ಪಲ್ಲ. ಆದರೆ ತಗಡು ತನ್ನ ಕೆಳಗೆ ಮಲಗಿದವನನ್ನು ಕಾಯುತ್ತದೆ, ಮೇಲೆ ಹತ್ತಿದವನನ್ನು ಕಾಯುವುದಿಲ್ಲ. ಉಮರಗಾ, ನಿಲಂಗಾ, ಉದಗೀರ ಕಡೆ ಪತ್ರಾಸ್ ಶೆಡ್ಡು ಹಾಕುತ್ತ ಬಂದ ನನಗೆ ಈ ಎರಡನೆಯ ಮಾತೇ ಮುಖ್ಯ.

ಸೋಯಾಬೀನ್ ಗೋದಾಮು, ಬೇಳೆ ಮಿಲ್ಲು, ಮಂಗಲ ಕಾರ್ಯಾಲಯ, ಎಲ್ಲದಕ್ಕೂ ಈಗ ಬಣ್ಣದ ತಗಡು. ಅದರ ದಪ್ಪ ಅರ್ಧ ಮಿಲಿಮೀಟರ್, ಕೆಲವು ಕಡೆ ಅದೂ ಇಲ್ಲ. ಹೊಸ ಹುಡುಗರಿಗೆ ಬೆಲ್ಟು ಕೊಟ್ಟರೆ ಅದರ ಹುಕ್ಕನ್ನು ಸಿಕ್ಕಿದ ಸ್ಕ್ರೂಗೋ ಜೆ ಬೋಲ್ಟಿಗೋ ಹಾಕಿ ನಿಶ್ಚಿಂತರಾಗುತ್ತಾರೆ. ಸ್ಕ್ರೂ ಇರುವುದು ಗಾಳಿಗೆ ತಗಡು ಹಾರದಂತೆ ಹಿಡಿಯಲಿಕ್ಕೆ. ಬೀಳುವ ಮನುಷ್ಯನ ಜಗ್ಗು ಬೇರೆಯೇ. ಜರ್ಕು ತಡೆಯುವ ಪಟ್ಟಿ ಇರುವ ಒಳ್ಳೆಯ ಬೆಲ್ಟಿನಲ್ಲೂ ಅದು 600 ಕಿಲೋ ಭಾರದ ಹತ್ತಿರ ಹೋಗಬಹುದು. ಅದಕ್ಕೇ ಯುರೋಪಿನ ಇಎನ್ 795 ಮಾನದಂಡ ಆಧಾರದ ಕೊಂಡಿ 12 ಕಿಲೋನ್ಯೂಟನ್, ಅಂದರೆ 1,200 ಕಿಲೋಗೂ ಮೇಲ್ಪಟ್ಟ ಜಗ್ಗು ತಡೆಯಬೇಕು ಎನ್ನುತ್ತದೆ. ಅಮೆರಿಕದ ನಿಯಮ ಒಬ್ಬ ಆಳಿಗೆ 5,000 ಪೌಂಡ್ ಕೇಳುತ್ತದೆ.

"ಕಾಕಾ, ಹಗ್ಗ ಎಲ್ಲಿ ಕಟ್ಟಲಿ?" ಎಂದು ಹುಡುಗ ಕೇಳಿದರೆ ನನ್ನ ಉತ್ತರ ಒಂದೇ: "ತಗಡು ಮರೆತುಬಿಡು, ಕೆಳಗ ಕಬ್ಬಿಣ ಎಲ್ಲಿ ಅದ ನೋಡು."

ಹೊಸ ಶೆಡ್ಡಿನಲ್ಲಿ ಇದು ಸುಲಭ. ಸೂರು ಹೊರುವ ಕಬ್ಬಿಣದ ಚೌಕಟ್ಟು, ಅಂದರೆ ಟ್ರಸ್, ಇನ್ನೂ ನೆಲದ ಮೇಲಿರುವಾಗಲೇ, ಬಣ್ಣ ಹೊಡೆಯುವ ಮೊದಲೇ, ಎಂಜಿನಿಯರು ಗುರುತು ಮಾಡಿಕೊಟ್ಟ ಕಡೆ ದಪ್ಪ ಪ್ಲೇಟು, ಉಂಗುರ ವೆಲ್ಡಿಂಗ್ ಮಾಡಿಸಿಬಿಟ್ಟರೆ ಆಯಿತು. ತಗಡು ಹೊದಿಸಿದ ಮೇಲೆ ಅದೇ ಕೆಲಸ ನಾಲ್ಕು ಪಟ್ಟು ಕಷ್ಟ.

ಹಳೇ ಶೆಡ್ಡಿನದೇ ನಿಜವಾದ ತಲೆನೋವು. ಮೊದಲನೇ ಕೊಂಡಿ ಕೂಡಿಸುವವನು ತನ್ನ ಬೆಲ್ಟನ್ನು ಯಾವುದಕ್ಕೆ ಸಿಕ್ಕಿಸಬೇಕು? ಮಾಲಕರು ಇಲ್ಲಿ ಬೇಸರ ಮಾಡಿಕೊಳ್ಳುತ್ತಾರೆ. "ಅರ್ಧ ತಾಸಿನ ಕೆಲಸಕ್ಕ ಇಷ್ಟೆಲ್ಲ ಯಾಕ್ರಿ?" ಆ ಅರ್ಧ ತಾಸಿನಲ್ಲೇ ಆಳು ಯಾವ ಆಧಾರವೂ ಇಲ್ಲದೆ ಮೇಲಿರುತ್ತಾನೆ. ಅದಕ್ಕೆ ನಾವು ಒಳಗಿನಿಂದ ಶುರು ಮಾಡುತ್ತೇವೆ. ಚಕ್ರ ಲಾಕ್ ಮಾಡಿದ ಅಟ್ಟಣಿಗೆ ಒಳಗೆ ನಿಲ್ಲಿಸಿ, ಟ್ರಸ್ಸಿಗೆ ಅಗಲವಾದ ನೈಲಾನ್ ಪಟ್ಟಿ ಸುತ್ತಿ, ಅದಕ್ಕೆ ಬೆಲ್ಟು ಹಾಕಿಕೊಂಡ ಮೇಲೆಯೇ ಪರ್ಲಿನ್, ಅಂದರೆ ತಗಡು ಹೊರುವ ಅಡ್ಡಪಟ್ಟಿಗಳ, ಪರೀಕ್ಷೆ. ಸುತ್ತಿಗೆಯಿಂದ ಬಡಿಯುತ್ತ ಹೋಗಬೇಕು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ತಗಡಿನ ಜೋಡಣೆಯಲ್ಲಿ ನೀರು ಜಿನುಗಿದ ಕಡೆ ಸಪ್ಪೆ ಸದ್ದು ಬಂದು ತುಕ್ಕಿನ ಹೊಪ್ಪಳೆ ಉದುರುತ್ತದೆ. ಅಂಥ ಪರ್ಲಿನ್ ಕೈಬಿಡುವುದೇ. ಗಟ್ಟಿಯಿದ್ದರೂ ತೆಳು ಸಿ-ಪರ್ಲಿನ್ ಒಂದಕ್ಕೇ ಮನುಷ್ಯನ ಭಾರ ಒಪ್ಪಿಸುವುದಿಲ್ಲ. ಟ್ರಸ್ಸಿಗೆ ಕ್ಲಾಂಪು ಹಾಕಬೇಕು, ಇಲ್ಲವೇ ಎರಡು ಮೂರು ಪರ್ಲಿನ್‌ಗಳ ಮೇಲೆ ಭಾರ ಹಂಚುವ ಉದ್ದನೆಯ ಪ್ಲೇಟು ಕೂಡಿಸಬೇಕು. ತಗಡಿಗೆ ರಂಧ್ರ ಕೊರೆಯುವುದು ಉಬ್ಬಿನಲ್ಲಿ, ನೀರು ಹರಿಯುವ ತಗ್ಗಿನಲ್ಲಲ್ಲ. ರಬ್ಬರ್ ವಾಷರು, ಸೀಲೆಂಟು ಎರಡೂ ಬೇಕು. ಇವತ್ತು ಸೋರಿದರೆ ನಾಳೆ ಅದೇ ಕೊಂಡಿಯ ಬುಡಕ್ಕೆ ತುಕ್ಕು.

ಕೊಂಡಿ ಗಟ್ಟಿಯಾದ ಮಾತ್ರಕ್ಕೆ ಮುಗಿಯಲಿಲ್ಲ, ಅಡಿ ಲೆಕ್ಕ ಹಾಕಬೇಕು. ಹಗ್ಗ 6 ಅಡಿ, ಬಿಚ್ಚಿಕೊಳ್ಳುವ ಪಟ್ಟಿ ಮೂರೂವರೆ ಅಡಿ, ಬೆನ್ನಿನ ಉಂಗುರದಿಂದ ಪಾದದವರೆಗೆ 5 ಅಡಿ, ಅದರ ಕೆಳಗೆ 3 ಅಡಿ ಬಿಡುವು. ಒಟ್ಟು ಹದಿನೇಳೂವರೆ ಅಡಿ. ನಮ್ಮ ಕಡೆಯ ಎಷ್ಟೋ ಶೆಡ್ಡುಗಳ ಅಂಚು 14-15 ಅಡಿ ಎತ್ತರದಲ್ಲೇ ಇರುತ್ತದೆ. ಪಟ್ಟಿ ಪೂರ್ತಿ ಬಿಚ್ಚಿಕೊಳ್ಳುವ ಹೊತ್ತಿಗೆ ಆಳು ನೆಲ ಮುಟ್ಟಬಹುದು. ಹಾಗಾಗಿ ಕೊಂಡಿಯನ್ನು ಮೇಲೆ ಏಣಿನ ಹತ್ತಿರ ಕೂಡಿಸಿ, ಅಂಚು ತಲುಪದಷ್ಟೇ ಹಗ್ಗ ಬಿಡುವುದು ನನಗೆ ಮೆಚ್ಚಿನ ವಿಧಾನ. ಬಿದ್ದವನನ್ನು ಹಿಡಿಯುವುದಕ್ಕಿಂತ ಬೀಳುವ ಜಾಗಕ್ಕೇ ಹೋಗಗೊಡದಿರುವುದು ಮೇಲು. ಕೊಂಡಿಯಿಂದ ಪಕ್ಕಕ್ಕೆ ಬಹಳ ಸರಿದು ಕೆಲಸ ಮಾಡಿದರೂ ಅಪಾಯ. ಜಾರಿದವನು ಜೋಕಾಲಿಯಂತೆ ತೂಗಿ ಗೋಡೆಗೆ ಬಡಿಯುತ್ತಾನೆ.

ಅಂಚಿನಷ್ಟೇ ನಾನು ಹೆದರುವುದು ಬೆಳಕಿಗಾಗಿ ಹಾಕಿದ ಫೈಬರ್ ಶೀಟಿಗೆ. ಬಿಸಿಲಿಗೆ ಹಳದಿಯಾಗಿ, ಸೋಯಾಬೀನ್ ಹೊಟ್ಟಿನ ಧೂಳು ಕೂತರೆ ಅದ್ಯಾವುದು, ತಗಡು ಯಾವುದು ಎಂದು ಮೇಲಿನಿಂದ ಗೊತ್ತೇ ಆಗುವುದಿಲ್ಲ. ಕಾಲಿಟ್ಟರೆ ನೇರ ಒಳಗೆ. ಅದರ ಸುತ್ತ ಕೆಂಪು ಬಣ್ಣ ಬಳಿದು, ಕೆಳಗೆ ಜಾಳಿಗೆ ಕಟ್ಟದ ಹೊರತು ನನ್ನವರು ಆ ಸಾಲಿನತ್ತ ಹೋಗುವುದಿಲ್ಲ. ಸಿಮೆಂಟ್ ಪತ್ರಾಸಿನ ಸೂರೂ ಇದೇ ಜಾತಿಯದು.

ಕಾರ್ಖಾನೆಯಲ್ಲಿ ಎತ್ತರದ ಕೆಲಸ ಮಾಡುವವನಿಗೆ ರಕ್ಷಣೆ ಕೊಡಬೇಕೆಂದು 1948ರ ಫ್ಯಾಕ್ಟರಿ ಕಾಯ್ದೆಯ 32ನೇ ಕಲಮು ಹಿಂದೆಯೇ ಹೇಳಿಟ್ಟಿತ್ತು. ಹೊಲದ ಗೋದಾಮಿಗೆ ಅದನ್ನು ನೆನಪಿಸುವವರು ಯಾರೂ ಬರುವುದಿಲ್ಲ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಮನೆಯ ಸೂರಿನ ಮೇಲೂ ಸೋಲಾರ್ ಫಲಕ ಏರುತ್ತಿದೆ. ಫಲಕ ತೊಳೆಯಲು ಹತ್ತುವವನು ಮಿಸ್ತ್ರಿಯಲ್ಲ, ಮನೆಯ ಮಗ. ಅಂಥ ಸೂರಿಗೆ ಕಾಯಂ ಕೊಂಡಿ ಬೇಕೇ ಬೇಕು ಎಂದು ನಾನು ಮಾಲಕರ ಜೊತೆ ಜಗಳವಾಡಿಯಾದರೂ ಹೇಳುತ್ತೇನೆ.

ಬಿದ್ದು ಬೆಲ್ಟಿನಲ್ಲಿ ತೂಗುವವನನ್ನು ಬೇಗ ಇಳಿಸಬೇಕು. ತೊಡೆಯ ಪಟ್ಟಿ ರಕ್ತ ತಡೆಯುತ್ತದೆ, ಪ್ರಜ್ಞೆ ತಪ್ಪಲು ಹೆಚ್ಚು ಹೊತ್ತು ಬೇಕಿಲ್ಲ. ಆದ್ದರಿಂದ ಉದ್ದನೆಯ ಏಣಿ ಮತ್ತು ಕೆಳಗೊಬ್ಬ ಆಳು ಇಲ್ಲದೆ ನಾವು ಕೆಲಸ ಶುರು ಮಾಡುವುದಿಲ್ಲ. ಒಮ್ಮೆ ಜರ್ಕು ತಿಂದ ಬೆಲ್ಟನ್ನು, ಐಎಸ್ 3521ರ ಗುರುತಿದ್ದರೂ, ಹೊಸದಿದ್ದರೂ, ಮತ್ತೆ ಯಾರೂ ತೊಡದಂತೆ ಅಲ್ಲೇ ಕತ್ತರಿಸಿ ಹಾಕುತ್ತೇವೆ. ಅದರ ದುಡ್ಡನ್ನು ಕೊಟೇಶನ್ನಿನಲ್ಲಿ ಕೊಂಡಿಗಳ ಸಾಲಿನ ಕೆಳಗೇ ಬರೆದಿರುತ್ತೇನೆ.