ಆಗ್ನೇಯ ಏಷ್ಯಾ ಕ್ರೀಡಾಕೂಟ: ಕಾಂಬೋಡಿಯಾದ ಮೊದಲ ಆತಿಥ್ಯ

1959ರಲ್ಲಿ ಶುರುವಾದ ಆಗ್ನೇಯ ಏಷ್ಯಾ ಕ್ರೀಡಾಕೂಟಕ್ಕೆ ಕಾಂಬೋಡಿಯಾ ಮೊದಲ ಬಾರಿ ಆತಿಥ್ಯ ವಹಿಸಿದ್ದು 2023ರ ಮೇ 5ರಿಂದ 17ರವರೆಗೆ ನಡೆದ 32ನೇ ಕೂಟದಲ್ಲಿ. 1963ರ ಕೂಟ ಅದರ ಪಾಲಿಗೆ ಬಂದಿದ್ದರೂ ರದ್ದಾಗಿತ್ತು. ಹಾಗಾಗಿ ಈ ಆತಿಥ್ಯವನ್ನು ಪದಕಗಳಿಂದಷ್ಟೇ ಅಳೆಯಲಾಗದು. ಹಿಂದಿನ ಕೂಟದಲ್ಲಿ 9 ಚಿನ್ನ ಗೆದ್ದಿದ್ದ ದೇಶ ತವರಿನಲ್ಲಿ 81 ಚಿನ್ನದೊಂದಿಗೆ 4ನೇ ಸ್ಥಾನಕ್ಕೇರಿತು. ವಿಯೆಟ್ನಾಂ 136 ಚಿನ್ನದೊಂದಿಗೆ ಅಗ್ರಸ್ಥಾನ ಪಡೆಯಿತು. ಕುನ್ ಖ್ಮೇರ್‌ನಂಥ ಸ್ಥಳೀಯ ಕ್ರೀಡೆಗಳಿಂದಲೇ ಈ ಏರಿಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕ್ರೀಡೆಗಳ ಆಯ್ಕೆಯಲ್ಲಿ ಆತಿಥೇಯರಿಗೆ ಸಲಿಗೆ ಕೊಡುವುದು ಈ ಕೂಟದ ಹಳೆಯ ರೂಢಿ. ಕೂಟದ ಮುಖ್ಯ ತಾಣವಾಗಿದ್ದ ನಾಮ್ ಪೆನ್‌ನ ಮೊರೊಡೊಕ್ ಟೆಚೊ ಕ್ರೀಡಾಂಗಣ ಚೀನಾ ನೆರವಿನದು, ನಿಜ. ಆದರೂ ಯುದ್ಧ, ನರಮೇಧಗಳಿಂದ ಜರ್ಜರಿತವಾಗಿದ್ದ ನಾಡು ಉಚಿತ ಪ್ರವೇಶವಿತ್ತು ನೆರೆಹೊರೆಯನ್ನು ಬರಮಾಡಿಕೊಂಡದ್ದೇ ಅದರ ನಿಜವಾದ ಗೆಲುವು.